ಟಕ್ ಅಂತ ನಿಲ್ಲಬೇಕು

ಶನಿವಾರ ನಮ್ಮ ಮಿಕ್ಸಿ ಅಂಗಡಿ ಮೆಟ್ಟಿಲಲ್ಲಿ ವಾಚ್ ರಿಪೇರಿಯವರನ್ನು ಕಂಡರೆ ಸಾಕು, ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸುತ್ತದೆ. ಅವರ ಮನೆಗೊಂದು ಕಾಫಿಬೀಜ ಪುಡಿ ಮಾಡುವ ಮಿಷನ್ ಬೇಕು, ತೀರಾ ಅಗ್ಗದ್ದಲ್ಲ, ತೀರಾ ದುಬಾರಿಯದೂ ಅಲ್ಲ. ಅಷ್ಟಕ್ಕೆ ನಾಲ್ಕು ತಿಂಗಳಿಂದ ನನ್ನ ಪ್ರಾಣ ತಿನ್ನುತ್ತಿದ್ದಾರೆ. ಬಲಗೈ ಸದಾ ಜೇಬಿನಲ್ಲಿ, ಎಡಗೈಯಲ್ಲಿ ಬೀಜದ ಡಬ್ಬಿ. ಅದರ ಮುಚ್ಚಳ ನಾನೇ ತೆಗೆಯಬೇಕು. ಮೋಟರಿಗೆ ಕಿವಿಯಿಡುತ್ತಾರೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಪುಡಿಯನ್ನು ಕಳ್ಳನನ್ನು ವಿಚಾರಿಸುವ ಇನ್ಸ್‌ಪೆಕ್ಟರ್ ಹಾಗೆ ನೋಡುತ್ತಾರೆ. "ಹದ ಬದಲಿಸೋ ಈ ರಿಂಗು ಜಾರುತ್ತಲ್ಲಪ್ಪಾ, ನುಣ್ಣಗೋ ತರಿಯೋ, ಪ್ರತಿ ಅಳತೆಗೂ ಟಕ್ ಅಂತ ನಿಲ್ಲಬೇಕು" ಅಂತ ಇದ್ದಬದ್ದದ್ದನ್ನೆಲ್ಲ ತಳ್ಳಿಹಾಕಿದ್ದಾರೆ. "ಮನೇಲಿ ಕೈಯಲ್ಲಿ ತಿರುಗಿಸೋದು ಇದೆಯಲ್ಲ ಸಾರ್, ಅದಕ್ಕೇನಾಗಿದೆ?" ಅಂದರೆ "ಅದಕ್ಕೇನೂ ಆಗಿಲ್ಲ!" ಅಂತ ಸಿಡುಕುತ್ತಾರೆ. ಈ ಶನಿವಾರ ನಾನು ಫೋನಿನಲ್ಲಿದ್ದೆ. ಅವರು ಕಾಯಲಾರದೆ ಬಲಗೈ ಹೊರತೆಗೆದು ಮುಚ್ಚಳ ತಾವೇ ಬಿಚ್ಚಿದರು. ಬೀಜ ಪಟಪಟನೆ ಕೌಂಟರ್ ತುಂಬ ಚೆಲ್ಲಿತು. ಆ ಬಲಗೈ ಗಡಗಡ ನಡುಗುತ್ತಿತ್ತು. ಬಾಗಿಲ ಕಡೆ ನೋಡಿ, "ಯಾರಿಗೂ ಹೇಳ್ಬೇಡಪ್ಪ" ಅಂದರು. ತಲೆಯಾಡಿಸಿ ಬೀಜ ಆರಿಸತೊಡಗಿದೆ. ನಮ್ಮಪ್ಪನ ಹಳೇ ವಾಚು, ಒಂದೊಂದು ಸ್ಕ್ರೂ ಬಿಚ್ಚಿಟ್ಟದ್ದು, ಮೂರು ವಾರದಿಂದ ಅವರ ಮೇಜಿನ ಮೇಲಿದೆ, "ಯಾವಾಗ ಕೊಡ್ತೀರಿ ಸಾರ್?" ಅಂತ ಇನ್ನು ನಾನು ಕೇಳಲಾರೆ.