ಅಳತೆಗಾರ ಇಬ್ಸಾಮನ ಹಗ್ಗ

ನಾನು ಹೊಗ್ಲಾ. ನನ್ನ ಗಂಡ ಇಬ್ಸಾಮ ಹೊಲ ಅಳೆಯುವವನು. ನಮ್ಮ ಮನಸ್ಸೆ ಕುಲದ ಬೆಟ್ಟದೂರುಗಳಲ್ಲಿ ಅಣ್ಣತಮ್ಮಂದಿರು ಪಾಲಾದರೆ, ಎಲ್ಲೆಕಲ್ಲು ಸರಿಯಿತೆಂದು ಜಗಳವಾದರೆ, ಅವನಿಗೇ ಕರೆ ಬರುತ್ತಿತ್ತು. ಅಗಸೆನಾರಿನ ಹಗ್ಗ, ಮೊಳಕ್ಕೊಂದು ಗಂಟು. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವನ ಅಣ್ಣ ಉಲ್ಲನ ಕೈಯಲ್ಲಿ. ಇಪ್ಪತ್ತು ವರ್ಷದಲ್ಲಿ ಆ ಹಗ್ಗ ಒಮ್ಮೆಯೂ ಸಡಿಲವಾದದ್ದಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಹಗ್ಗವನ್ನೇ ಮಗುವಿನಂತೆ ಒರೆಸಿ ಗೂಟಕ್ಕೆ ಹಾಕುತ್ತಿದ್ದ, ಹುಚ್ಚಪ್ಪ.

ಅದು ಐವತ್ತು ವರ್ಷಕ್ಕೊಮ್ಮೆ ಬರುವ ಬಿಡುಗಡೆಯ ವರ್ಷ. ಅದನ್ನು ಸಾರುವ ಕೊಂಬು ಊದಿಯಾಗಿತ್ತು. ಕಷ್ಟಕ್ಕೆ ನೆಲ ಮಾರಿದವರ ಮಕ್ಕಳು ಬಂದು ಪಿತ್ರಾರ್ಜಿತವನ್ನು ಮರಳಿ ಪಡೆಯುವ ಕಾಲ. ಒಂದು ಸಂಜೆ ಗುರುತಿಲ್ಲದ ಗಂಡಸೊಬ್ಬ ನಮ್ಮ ಬಾಗಿಲಿಗೆ ಬಂದ. ಜವೆ ರೊಟ್ಟಿ, ಚನ್ನಂಗಿ ಸಾರು ಕೊಟ್ಟೆ.

"ಉಲ್ಲನ ಕೈಲಿರೋ ದ್ರಾಕ್ಷಿ ತೋಟ ನಮ್ಮಪ್ಪಂದು" ಅಂದ.

"ನಿಂದೇ ಕಣಯ್ಯಾ, ಇಲ್ಲ ಅಂದೋರ್ಯಾರು? ಹೋಗಿ ಅಣ್ಣನ ಹತ್ರ ಮಾತಾಡು. ನಾಳೆ ನಾನೇ ಅಳೆದು ಕೊಡ್ತೀನಿ" ಎಂದು ನನ್ನ ಗಂಡ ದಾರಿಯನ್ನೂ ತೋರಿಸಿದ. ಅಯ್ಯೋ, ಆ ನಾಲಿಗೆ ಅವತ್ತು ಬಿದ್ದುಹೋಗಬಾರದಿತ್ತೇ!

ಮೂರನೆಯ ದಿನ ಆ ಗಂಡಸಿನ ಹೆಣ ನಮ್ಮೂರಿಗೂ ಕೆಳಗಿನೂರಿಗೂ ನಡುವಿನ ಹೊಲದಲ್ಲಿ ಸಿಕ್ಕಿತು. ತಲೆ ಒಡೆದಿತ್ತು. ಅವನಾರೆಂದು ಯಾರಿಗೂ ತಿಳಿಯದು, ನಮ್ಮಿಬ್ಬರಿಗೂ ಉಲ್ಲನಿಗೂ ಬಿಟ್ಟು.

ಕೊಂದವನು ಯಾರೆಂದು ಗೊತ್ತಿಲ್ಲದಿದ್ದರೆ ಹೆಣದಿಂದ ಸುತ್ತಲ ಊರುಗಳಿಗೆ ಅಳೆಯಬೇಕೆಂಬುದು ನಮ್ಮ ಕಟ್ಟಳೆ. ಹತ್ತಿರದ ಊರಿನ ಹಿರಿಯರು ಹಳ್ಳದಲ್ಲಿ ಕಡಸಿನ ಕತ್ತು ಮುರಿದು, ಅದರ ಮೇಲೆ ಕೈ ತೊಳೆದು, 'ಈ ರಕ್ತವನ್ನು ನಮ್ಮ ಕೈ ಸುರಿಸಿಲ್ಲ, ನಮ್ಮ ಕಣ್ಣು ಕಂಡಿಲ್ಲ' ಎಂದು ದೇವರ ಮುಂದೆ ಹೇಳಬೇಕು. ಇಬ್ಸಾಮನೂ ಹಿರಿಯರಲ್ಲೊಬ್ಬ.

"ಇದ್ದದ್ದು ಇದ್ದ ಹಾಗೆ ಹೇಳಿಬಿಡು" ಅಂದೆ.

"ಇಬ್ಬರು ಸಾಕ್ಷಿ ಬೇಕು ಹೊಗ್ಲಾ. ಹೆಂಗಸಿನ ಮಾತನ್ನ ಊರಬಾಗಿಲಲ್ಲಿ ಯಾರು ಕೇಳ್ತಾರೆ? ಅದೂ ಅಲ್ದೆ, ಒಡಹುಟ್ಟಿದವನು ಕಣೇ."

"ಹಾಗಾದ್ರೆ ಸುಳ್ಳಾಡಿ ಕೈ ತೊಳೀತೀಯಾ?"

ಹಗ್ಗ ತೆಗೆದುಕೊಂಡು ಹೋದ.

ಎರಡೂ ಊರು ಹೆಚ್ಚುಕಡಿಮೆ ಸಮದೂರ, ನಮ್ಮದು ತುಸು ಹತ್ತಿರ. ಮೊದಲು ಕೆಳಗಿನೂರಿಗೆ ಅಳೆದರು. ಹಗ್ಗ ಬಿಗಿಯಾಗಿತ್ತು. ನಮ್ಮೂರಿಗೆ ಅಳೆಯುವಾಗ ಮಾತ್ರ ಹಗ್ಗದ ನಡು ಹುಲ್ಲನ್ನು ಸವರುತ್ತಾ ಬಂತು. ಗಂಟುಗಳ ಎಣಿಕೆ ಹೆಚ್ಚಾಯಿತು, ಕಡಸು ಕೆಳಗಿನೂರಿನ ಪಾಲಾಯಿತು. ಅಲ್ಲಿನ ಮುದುಕರು ಕೈ ತೊಳೆದು ಆಡಿದ್ದೆಲ್ಲ ನಿಜವೇ. ಪಾಪ, ಅವರೇನೂ ಕಂಡಿರಲಿಲ್ಲ. ನನ್ನ ಗಂಡ ಸುಳ್ಳಾಡುವುದರಿಂದ ತಪ್ಪಿಸಿಕೊಂಡ. ಆದರೆ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿತ್ತೆಂಬುದನ್ನು ಮರೆತಿದ್ದ.

ಮರುದಿನ ಬೆಳಿಗ್ಗೆ ಉಲ್ಲ ನಗುತ್ತಾ ಬಂದ.

"ಏನೋ ತಮ್ಮಾ, ನಿನ್ನೆ ಹಗ್ಗ ಯಾಕೋ ಸೋತಿತ್ತಲ್ಲ? ನಿನ್ನ ಕೈ ಹಾಗೆಲ್ಲ ಸೋಲೋದಲ್ಲಪ್ಪ."

"ವಯಸ್ಸಾಯ್ತಣ್ಣಾ."

"ಆಗ್ಲಿ ಬಿಡು. ಬಂಡೆ ಮೇಲಿನ ನನ್ನ ಹೊಲ ಒಂದಿಷ್ಟು ಅಳೀಬೇಕು, ಬಾ. ನಾವಿಬ್ರೇ ಸಾಕು."

ನಾನು ಗಂಡನ ತೋಳು ಹಿಡಿದು ಒಳಗೆಳೆದೆ. "ಹೋಗಬೇಡ, ನಿನ್ನ ದಮ್ಮಯ್ಯ! ನಿನಗೆ ಗೊತ್ತಿರೋದು ಅವನಿಗೆ ಗೊತ್ತಾಗಿದೆ."

"ಅಣ್ಣ ಕರೆದ್ರೆ ಹೋಗದೆ ಇರೋಕಾಗುತ್ತೇನೇ? ನಾಲ್ಕು ಜನ ಯಾಕೆ ಅಂತ ಕೇಳಲ್ವಾ?"

ಕೇಳಲಿ! ಕೇಳಿದ್ದರೆ ಏನಾಗುತ್ತಿತ್ತು? ಈ ಜನಕ್ಕೆ ಜೀವಕ್ಕಿಂತ ಒಡಹುಟ್ಟಿನ ಮರ್ಯಾದೆ ದೊಡ್ಡದು.

ಮಧ್ಯಾಹ್ನ ಉಲ್ಲ ಒಬ್ಬನೇ ಬಂದ. ಹಗ್ಗ ಅಚ್ಚುಕಟ್ಟಾಗಿ ಸುತ್ತಿ ಅವನ ಹೆಗಲ ಮೇಲಿತ್ತು. "ಕಾಲು ಜಾರಿ ಬಂಡೆಯಿಂದ ಕೆಳಗೆ ಬಿದ್ದ" ಎಂದು ಎದೆ ಬಡಿದುಕೊಂಡು, ಬಟ್ಟೆ ಹರಿದುಕೊಂಡು ಅತ್ತ. ಈ ಸಲ ಯಾರೂ ಏನನ್ನೂ ಅಳೆಯಲಿಲ್ಲ.

ಸತ್ತ ತಮ್ಮನಿಗೆ ಮಕ್ಕಳಿಲ್ಲದಿದ್ದರೆ ಅಣ್ಣ ಅವನ ಹೆಂಡತಿಯನ್ನು ಕಟ್ಟಿಕೊಂಡು, ಸತ್ತವನ ಹೆಸರನ್ನೂ ನೆಲವನ್ನೂ ಉಳಿಸಬೇಕೆಂಬುದೂ ನಮ್ಮ ಕಟ್ಟಳೆ. ಒಲ್ಲೆನೆಂದರೆ ಹಿರಿಯರೆದುರು ಅವಳು ಅವನ ಕೆರ ಬಿಚ್ಚಿ ಮುಖಕ್ಕೆ ಉಗಿಯಬಹುದು. ಒಲ್ಲೆನೆನ್ನುವ ಅಧಿಕಾರ ಅವನದು ಮಾತ್ರ, ನನ್ನದಲ್ಲ. ಒಂದು ತಿಂಗಳು ಬಾಯಲ್ಲಿ ಉಗುಳು ತುಂಬಿಕೊಂಡು ಕಾದೆ. ದೇವರೇ, ಒಲ್ಲೆ ಅನ್ನಿಸು ಎಂದು ಹಗಲೂ ರಾತ್ರಿ ಬೇಡಿದೆ.

"ತಮ್ಮನ ಹೆಸರು ಅಳಿಯೋಕೆ ಬಿಡ್ತೀನಾ?" ಅಂದ ಉಲ್ಲ. ಹಿರಿಯರು ಹೊಗಳಿದರು.

ಅಂದು ಸಂಜೆ ಅವನು ನನ್ನ ಮನೆಗೆ ಬಂದ. ತಾನೇ ಕೆರ ಬಿಚ್ಚಿ ಬಾಗಿಲ ಬಳಿ ಬಿಟ್ಟು, ಹಗ್ಗವನ್ನು ಇಬ್ಸಾಮನ ಗೂಟಕ್ಕೆ ಹಾಕಿ, ಊಟಕ್ಕೆ ಬಡಿಸು ಅಂದ.