ರೇಣುಕಾಳ ಕಾರ್ಡಿನಲ್ಲಿದ್ದ ಇಂಗ್ಲಿಷ್

ರೇಣುಕಾ, ನಿನ್ನ ಮೊಬೈಲಿನ ಕಾರ್ಡಿನಲ್ಲಿದ್ದ ಇಂಗ್ಲಿಷ್ ಪಾಠವನ್ನೆಲ್ಲ ಅಳಿಸಿಹಾಕಿಸಿದವಳು ನಾನು. ಮಲ್ಲಪ್ಪ ಅಲ್ಲ. ನಿನ್ನ ಗಂಡ ಅದನ್ನು ಮುಟ್ಟಿಯೂ ಇರಲಿಲ್ಲ. ಅಂಗಡಿಗೆ ಒಯ್ದವಳು ನಾನು, ಅಳಿಸು ಎಂದವಳು ನಾನು, ನೀನು ಕೇಳಿದಾಗ ಅವನ ಕಡೆ ಬೆರಳು ಮಾಡಿದವಳೂ ನಾನೇ.

ಎದುರಿಗೆ ಹೇಳಬಹುದಿತ್ತು. ಆದರೆ ಹೇಳುತ್ತ ಹೇಳುತ್ತ ಅತ್ತುಬಿಟ್ಟರೆ ನೀನು ನನ್ನನ್ನೇ ಸಮಾಧಾನ ಮಾಡಲು ಕೂರುತ್ತೀ. ಅದು ಬೇಡ. ಮೂರನೇ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಕಳವಾ ಊರಿನ ಈ ಖೋಲಿಗೆ ನೀನು ಸೊಸೆಯಾಗಿ ಬಂದು ಆಗ ಎರಡು ವರ್ಷವಾಗಿತ್ತು. ಒಂದೇ ಕೋಣೆ, ಮೂವರು ಜನ. ಮಲ್ಲಪ್ಪ ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ, ನೀನು ಕಲ್ಯಾಣದ ಆಸ್ಪತ್ರೆಗೆ ನರ್ಸ್ ಆಗಿ. ನಾನು ಕಟ್ಟಡಗಳಲ್ಲಿ ಬುಟ್ಟಿ ಹೊರುವುದನ್ನು ಬಿಟ್ಟಿದ್ದೆ — ಬಿಟ್ಟೆ ಅಂದರೆ, ಮೊಣಕಾಲು ಬಿಡಿಸಿತು. ನವಿ ಮುಂಬಯಿಯಲ್ಲಿ ಈಗ ಎತ್ತರಕ್ಕೆ ನಿಂತಿರುವ ಎಷ್ಟೋ ಕಟ್ಟಡಕ್ಕೆ ನಾನು ಮರಳು ಹೊತ್ತಿದ್ದೇನೆ. ಅದು ಇಲ್ಲಿ ಬೇಡ.

ನಿನ್ನ ಜೊತೆಯ ಕೇರಳದ ನರ್ಸ್ ಲಿಜಿ ಒಂದು ದಿನ ಮನೆಗೆ ಬಂದು ಎಲ್ಲ ಬಿಡಿಸಿ ಹೇಳಿದಳು. ಪರದೇಶದ ಆಸ್ಪತ್ರೆಗಳಿಗೆ ನರ್ಸುಗಳು ಬೇಕು, ಆದರೆ ಮೊದಲು ಇಂಗ್ಲಿಷಿನ ಪರೀಕ್ಷೆ ಪಾಸಾಗಬೇಕು. ಓದುವುದು, ಬರೆಯುವುದು, ಮಾತಾಡುವುದು, ಮತ್ತೆ ಟೇಪು ಹಾಕುತ್ತಾರಂತೆ — ಅದನ್ನು ಕೇಳಿ ಉತ್ತರ ಬರೆಯುವುದು. ನಾಲ್ಕರಲ್ಲೂ ಪಾಸಾಗಬೇಕು. ಒಂದರಲ್ಲಿ ಕಡಿಮೆಯಾದರೂ ಇಲ್ಲ.

ಕ್ಲಾಸಿಗೆ ಸೇರುವ ಮಾತು ನಮ್ಮಂಥವರಿಗಲ್ಲ. ಹಾಗಾಗಿ ಬಿಟ್ಟಿಯಾಗಿ ಸಿಗುವುದನ್ನೆಲ್ಲ ಲಿಜಿ ಹುಡುಕಿದಳು. ಡೊಂಬಿವಲಿಯಲ್ಲಿ ಒಂದು ಅಭ್ಯಾಸಿಕೆ ಇತ್ತು — ಮನೆಯಲ್ಲಿ ಜಾಗವಿಲ್ಲದ ಹುಡುಗರು ಬಂದು ಓದಲಿ ಎಂದು ಪುಣ್ಯಾತ್ಮರು ಯಾರೋ ತೆರೆದಿಟ್ಟ ಕೋಣೆ. ಅಲ್ಲಿ ಒಂದು ಕಂಪ್ಯೂಟರ್. ಡ್ಯೂಟಿ ಮುಗಿಸಿ ಅವಳು ಅಲ್ಲಿ ಸರದಿಗೆ ಕೂತು, ಇಂಟರ್ನೆಟ್ಟಿನಲ್ಲಿ ಸಿಗುವ ಪಾಠ, ಯಾರದೋ ಹಳೆಯ ಪುಸ್ತಕದ ಹಿಂದೆ ಅಂಟಿಸಿದ್ದ ಸಿಡಿ, ಎಲ್ಲವನ್ನೂ ಕೂಡಿಸಿ ನಿನ್ನ ಮೊಬೈಲಿನ ಕಾರ್ಡಿಗೆ ತುಂಬಿಸಿಕೊಟ್ಟಳು. ಉಗುರಿನಷ್ಟು ಕಾರ್ಡು. ತಿಂಗಳುಗಟ್ಟಲೆ ಅದು ತುಂಬುತ್ತಲೇ ಇತ್ತು.

ಆಮೇಲೆ ನೀನು ಎರಡು ವಾಯರನ್ನು ಕಿವಿಗೆ ಸಿಕ್ಕಿಸಿಕೊಂಡು ಅಟ್ಟದ ಕೆಳಗೆ, ನೀರಿನ ಡ್ರಮ್ಮಿನ ಪಕ್ಕ ಕೂರತೊಡಗಿದೆ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಪಕ್ಕದ ಖೋಲಿಯ ಹೌಸಾಬಾಯಿ ಇಣುಕಿ ನೋಡಿ ನಗುತ್ತಿದ್ದಳು.

"ಶಾಂತವ್ವಾ, ನಿನ್ನ ಸೊಸಿ ಗ್ವಾಡಿ ಜೋಡಿ ಇಂಗ್ಲಿಷ್ ಮಾತಾಡಾಕತ್ತಾಳಲ್ಲ. ಪರೀಕ್ಷಾ ಆಕೀದೋ, ಗ್ವಾಡೀದೋ?"

"ಯಾರ ಪಾಸಾದ್ರೂ ಮನ್ಯಾಗ ಒಬ್ರು ಪಾಸಾದಂಗ ಆತು" ಎಂದು ನಾನೂ ನಕ್ಕಿದ್ದೆ. ಆಗ ನಗುತ್ತಿದ್ದೆ.

ಮಲ್ಲಪ್ಪ ಬಂದ ಕೂಡಲೇ ಟಿವಿ ಬಂದ್ ಮಾಡುತ್ತಿದ್ದ. ನಿನಗೆ ಮಾತಾಡಿ ರೂಢಿಯಾಗಬೇಕು, ಎದುರಿಗೆ ಯಾರೂ ಇಲ್ಲ, ನೀನು ಅವನನ್ನೇ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದೆ. ಎಲ್ಲದಕ್ಕೂ ಅವನದು ಒಂದೇ ಉತ್ತರ — "ಎಸ್ ಮೇಡಂ."

"ಒಂದಕ್ಕರ ಸರಿ ಉತ್ತರ ಕೊಡ್ರಿ!"

"ಪಾಸ್ ಆಗೂ ಕೆಲಸ ನಿಂದು. ಫೇಲ್ ಆಗೂದು ನನಗ ಬಿಡು, ಅದು ನನಗ ಚಲೋ ಬರ್ತೈತಿ."

ನೀವಿಬ್ಬರೂ ಹಾಗೆ ನಕ್ಕದ್ದನ್ನು ನಾನು ಆಮೇಲೆ ನೋಡಿಲ್ಲ. ನೀನು ಮೊದಲು ಹೋಗುವುದು, ನೆಲೆಯಾದ ಮೇಲೆ ಅವನನ್ನು ಕರೆಸಿಕೊಳ್ಳುವುದು ಎಂದು ಮಾತಾಗಿತ್ತು. ನಾನು ನಮ್ಮ ಕಡೆ ಇಂಡಿ ಊರಿನ ಹತ್ತಿರ ಮಗಳ ಮನೆಯಲ್ಲಿ ಇರುವುದೆಂದು ಮಗಳೇ ಹೇಳಿದ್ದಳು, ಒತ್ತಾಯದಿಂದ ಹೇಳಿದ್ದಳು. ಆದ್ದರಿಂದ ಕೈಬಿಟ್ಟು ಹೋಗುತ್ತೀರೆಂಬ ಹೆದರಿಕೆಯಿಂದ ಮಾಡಿದೆ ಎಂದು ಹೇಳಲಾರೆ. ಹೇಳಿದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಆದರೆ ಅದಲ್ಲ.

ಅದು ಹೊಟ್ಟೆಕಿಚ್ಚು. ಯಾರ ಮೇಲೆ ಎಂದರೆ — ನಿನ್ನ ಕಿವಿಯಲ್ಲಿ ಮಾತಾಡುತ್ತಿದ್ದ ಆ ಗಂಡಸಿನ ಮೇಲೆ.

ನಗಬೇಡ. ಒಂದು ದಿನ ನೀನು ಸ್ನಾನಕ್ಕೆ ಹೋದಾಗ ಆ ವಾಯರನ್ನು ನಾನೂ ಕಿವಿಗಿಟ್ಟು ನೋಡಿದ್ದೆ. ಯಾವನೋ ಒಬ್ಬ, ಅವಸರವಿಲ್ಲದ ದನಿಯಲ್ಲಿ, ಒಬ್ಬ ಹೆಂಗಸಿಗೆ ಏನೋ ಹೇಳುತ್ತಿದ್ದ. ಅವಳು ಏನೋ ಕೇಳುತ್ತಿದ್ದಳು. ಮಗಳ ಮದುವೆಯ ಮಾತಲ್ಲ, ಸತ್ತವರ ಮಾತಲ್ಲ — ದನಿಯಲ್ಲೇ ಗೊತ್ತಾಗುತ್ತದೆ — ಏನೋ ಕೆಲಸಕ್ಕೆ ಬಾರದ ಮಾತು. ಅದನ್ನು ನೀನು ಹಿಂದೆ ಓಡಿಸಿ ಓಡಿಸಿ ಕೇಳುತ್ತಿದ್ದೆ. ಒಂದೊಂದು ಶಬ್ದವೂ ತಪ್ಪಬಾರದು ಎಂಬಂತೆ.

ನಾನು ಮಾತಾಡಿದರೆ ನೀನು ಒಂದು ಬೆರಳು ಎತ್ತುತ್ತಿದ್ದೆ. "ಒಂದ್ ನಿಮಿಷ, ಅತ್ತಿ."

ನನ್ನ ಗಂಡ ಇರುವತನಕ ನನ್ನ ಮಾತು ಕೇಳಲಿಲ್ಲ. ಕೆಲಸದ ಜಾಗದಲ್ಲಿ ಮೇಸ್ತ್ರಿ ಕೇಳಲಿಲ್ಲ, ಅವನು ಕೇಳುವುದೂ ಇಲ್ಲ. ಮನೆಗೆ ಸೊಸೆ ಬಂದಳು, ನಮ್ಮ ಕಡೆಯ ಮಾತಿನವಳು, ಇನ್ನು ಕೂತು ಮಾತಾಡಲು ಒಬ್ಬಳಾದಳು ಎಂದುಕೊಂಡಿದ್ದೆ. ನೀನು ತಪ್ಪು ಮಾಡಲಿಲ್ಲ. ನೀನು ಓದುತ್ತಿದ್ದೆ. ಅದು ಆಗಲೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಬೆರಳನ್ನು ಕಂಡರೆ ಮೈ ಉರಿಯುತ್ತಿತ್ತು.

ಪರೀಕ್ಷೆಗೆ ಇನ್ನು ವಾರವೂ ಇರಲಿಲ್ಲ. ನೀನು ರಾತ್ರಿ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಸತ್ತ ಹಾಗೆ ಮಲಗಿದ್ದೆ. ಅದರ ಹಿಂದಿನ ದಿನ ನಳದ ಹತ್ತಿರ ನನಗೂ ಒಬ್ಬಳಿಗೂ ಜಗಳವಾಗಿತ್ತು, ಅವಳು ನನ್ನ ಕೊಡ ಎತ್ತಿ ಎಸೆದಿದ್ದಳು. ಅದನ್ನು ನಿನಗೆ ಹೇಳಲು ಬಂದರೆ ನೀನು ಮತ್ತೆ ಬೆರಳು ಎತ್ತಿದ್ದೆ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಹುಡುಕಿದೆ, ಸಿಗಲಿಲ್ಲ.

ಮೊಬೈಲು ಎತ್ತಿಕೊಂಡು ಸ್ಟೇಷನ್ ರಸ್ತೆಗೆ ಹೋದೆ. ಆಗ ಅಲ್ಲಿ ಮೊಬೈಲ್ ಅಂಗಡಿಗಳಲ್ಲಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದರು. ಮನೆಯಲ್ಲಿ ಇಂಟರ್ನೆಟ್ ಯಾರಿಗಿತ್ತು? ನಮ್ಮ ಕಡೆಯವರೆಲ್ಲ ಅಲ್ಲೇ ಡೊಳ್ಳಿನ ಪದ, ಭಜನೆ ತುಂಬಿಸಿಕೊಂಡು ಬರುತ್ತಿದ್ದರು. ಮಲ್ಲಪ್ಪನೂ ತನ್ನ ಮೊಬೈಲಿಗೆ ಅಲ್ಲೇ ತುಂಬಿಸುತ್ತಿದ್ದ. ಅಂಗಡಿಯವನು ಕಾರ್ಡನ್ನು ತನ್ನ ಕಂಪ್ಯೂಟರಿಗೆ ಹಾಕಿ ನೋಡಿದ.

"ಆಜೀ, ಹೇ ಇಂಗ್ಲಿಷ್ ಅಭ್ಯಾಸಾಚಂ ಆಹೇ. ಜಾಗಾ ನಾಹೀ. ಸಗಳಂ ಉಡವೂ ಕಾ?"

ಇದು ಓದಿನದು, ಜಾಗವಿಲ್ಲ, ಎಲ್ಲವನ್ನೂ ಅಳಿಸಲೇ ಎಂದು ಕೇಳಿದ. ಒಳ್ಳೆಯವನು. ಇನ್ನೊಂದು ಸಲವೂ ಕೇಳಿದ — ಮನೆಯಲ್ಲಿ ವಿಚಾರಿಸಿ ಬರುತ್ತೀಯಾ ಎಂದ.

"ಉಡವ್" ಎಂದೆ.

ಆ ಒಂದು ಮಾತು. ತಿಳಿಯದೆ ಆದದ್ದು ಎಂದು ಹೇಳಿಕೊಳ್ಳಲು ಅವನು ನನಗೆ ಜಾಗವನ್ನೇ ಬಿಡಲಿಲ್ಲ.

ಏನು ತುಂಬಲಿ ಎಂದು ಕೇಳಿದಾಗ ಡೊಳ್ಳಿನ ಪದ ಎಂದೆ. ನನಗೆ ಭಜನೆ ಇಷ್ಟ, ಡೊಳ್ಳಿನ ಪದ ಕೇಳುವವನು ಮಲ್ಲಪ್ಪ. ಅವನ ಮೇಲೆ ಬರಲಿ ಎಂದು ಆಗಲೇ ಯೋಚಿಸಿದ್ದೆನೋ, ಬಾಯಿಗೆ ಬಂದದ್ದು ಹೇಳಿದೆನೋ — ಎಷ್ಟು ಸಲ ಕೇಳಿಕೊಂಡರೂ ತಿಳಿಯುವುದಿಲ್ಲ. ಯೋಚಿಸಿದ್ದೆ ಎಂದೇ ಇಟ್ಟುಕೋ.

ಸಂಜೆ ನೀನು ಎದ್ದು ವಾಯರು ಸಿಕ್ಕಿಸಿಕೊಂಡೆ. ನಾನು ರೊಟ್ಟಿ ಬಡಿಯುತ್ತಿದ್ದೆ. ನಿನ್ನ ಮುಖ ನೋಡಲಿಲ್ಲ, ದನಿ ಕೇಳಿದೆ.

"ಅತ್ತಿ, ಇದರಾಗ ಇದ್ದದ್ದು ಎಲ್ಲಾ ಎಲ್ಲಿ ಹೋತ್ರೀ? ಬರೇ ಹಾಡ ಅದಾವು."

"ನನಗೇನ ತಿಳೀತೈತಿ ಅದರಾಗಿಂದು? ನಿನ್ನ ಗಂಡನ್ನ ಕೇಳು."

ಅವನು ಒಳಗೆ ಕಾಲಿಟ್ಟ, ನೀನು ಕೇಳಿದೆ. ಅವನು ನಿನ್ನ ಕೈಯಲ್ಲಿದ್ದ ಮೊಬೈಲು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಮನೆಯಲ್ಲಿ ಇರುವವರೇ ಮೂವರು, ರೇಣುಕಾ. ಅವನಿಗೆ ಎಷ್ಟು ಹೊತ್ತು ಬೇಕು?

"ಹೂಂ, ನಾನ ಹಾಕಿಸೀನಿ" ಎಂದ. "ಹಾಡ ಕೇಳೂದ ಬ್ಯಾಡೇನು?"

ಆ ದನಿಯಲ್ಲಿ ಅವನು ನಿನ್ನೊಡನೆ ಅದಕ್ಕೆ ಮುಂಚೆ ಮಾತಾಡಿದ್ದಿಲ್ಲ. ಸುಳ್ಳು ಹೇಳಿ ರೂಢಿಯಿಲ್ಲದವನು ಸುಳ್ಳು ಹೇಳಿದರೆ ಒರಟಾಗುತ್ತದೆ. ನೀನು ಅದನ್ನು ಸಿಟ್ಟು ಎಂದುಕೊಂಡೆ. ನೀನು ಮುಂದೆ ಹೋಗುವುದು ಇವನಿಗೆ ಬೇಕಾಗಿಲ್ಲ, ಇಷ್ಟು ದಿನ ನಕ್ಕದ್ದೆಲ್ಲ ನಾಟಕ ಎಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವನು ಮೆಟ್ಟಿಲ ಮೇಲೆ ನನಗೆ ಹೇಳಿದ್ದು ಇಷ್ಟು: "ಅವ್ವಾ, ಇನ್ನೊಮ್ಮೆ ಹಿಂಗ ಮಾಡಬ್ಯಾಡ." ಬೈಯಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ನಿಜ ಗೊತ್ತಾದರೆ ನೀನು ಈ ಖೋಲಿಯಲ್ಲಿ ನನ್ನ ಜೊತೆ ಒಂದು ದಿನವೂ ಇರಲಾರೆ, ತಾನು ಹೆಂಡತಿ ತಾಯಿ ಇಬ್ಬರಲ್ಲಿ ಒಬ್ಬರನ್ನು ಬಿಡಬೇಕಾಗುತ್ತದೆ — ಹಾಗೆ ಲೆಕ್ಕ ಹಾಕಿರಬೇಕು. ಗಂಡ ಹೆಂಡತಿಯ ಸಿಟ್ಟು ನಾಲ್ಕು ದಿನದ್ದು, ಇಳಿದುಹೋಗುತ್ತದೆ ಎಂದುಕೊಂಡಿರಬೇಕು.

ಇಳಿಯಲಿಲ್ಲ. ಲಿಜಿ ಆಗ ಮದುವೆಗೆಂದು ಊರಿಗೆ ಹೋಗಿದ್ದಳು, ಅಷ್ಟನ್ನು ಮತ್ತೆ ಕೂಡಿಸಿಕೊಡುವವರು ಇರಲಿಲ್ಲ. ನೀನು ಹಾಗೆಯೇ ಹೋಗಿ ಬರೆದುಬಂದೆ. ಮೂರರಲ್ಲಿ ಪಾಸು. ಕೇಳಿ ಬರೆಯುವುದರಲ್ಲಿ ಅರ್ಧ ಅಂಕ ಕಡಿಮೆ. ಅರ್ಧ ಅಂಕ ಅಂದರೆ ಏನೆಂದು ನಾನು ನಿನ್ನನ್ನೇ ಕೇಳಿದ್ದೆ, ನೆನಪಿದೆಯೇ? "ಇನ್ನೊಂದೆರಡು ಉತ್ತರ, ಅತ್ತಿ" ಎಂದೆ. ಹೇಳಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ನಾನು ನಿನ್ನ ತಲೆಗೆ ಎಣ್ಣೆ ಹಚ್ಚಿದೆ.

ಅಳಿಸಿದ್ದಕ್ಕಿಂತ ಆ ಎಣ್ಣೆ ಹಚ್ಚಿದ್ದು ನನಗೆ ಹೆಚ್ಚು ನಾಚಿಕೆ. ಅಳಿಸಿದ್ದು ಸಿಟ್ಟಿನಲ್ಲಿ. ಎಣ್ಣೆಯನ್ನು ತಣ್ಣಗೆ ಕೂತು ಹಚ್ಚಿದೆ. ಅವತ್ತಿನಿಂದ ನೀನು ನನ್ನ ಹತ್ತಿರ ಮಾತಾಡತೊಡಗಿದೆ — ಗಂಡನ ಹತ್ತಿರ ಆಡದ ಮಾತನ್ನೆಲ್ಲ. ನಾನು ಹೇಳುವುದನ್ನೂ ಕೂತು ಕೇಳಿದೆ. ನನಗೆ ಬೇಕಾದದ್ದು ಸಿಕ್ಕಿತು. ಹೇಗೆ ಸಿಕ್ಕಿತು ಎಂಬುದನ್ನು ನುಂಗಿಕೊಂಡು ಉಂಡೆ, ಮಲಗಿದೆ, ಎದ್ದೆ. ನಿಮಗೆ ಮಗಳು ಹುಟ್ಟಿದಳು, ಅವಳು ಶಾಲೆಗೂ ಹೋಗತೊಡಗಿದಳು. ನೀವಿಬ್ಬರೂ ಮನೆಯ ಸಾಮಾನಿನ ಮಾತು, ಮಗುವಿನ ಜ್ವರದ ಮಾತು ಆಡುತ್ತೀರಿ. ಜಗಳವೂ ಆಡುವುದಿಲ್ಲ. ಆಡಿದ್ದರೆ ಎಂದೋ ಹೊರಬಿದ್ದಿರುತ್ತಿತ್ತು.

ನಾನು ಇದನ್ನು ಸಾಯುವತನಕ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಆದರೆ ಹೋದ ತಿಂಗಳು ನೀನು ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದೆ — "ಅತ್ತಿ, ನಾ ಮತ್ತ ಪರೀಕ್ಷಾ ಕೊಟ್ಟಿದ್ದೆ. ಪಾಸಾಗೀನಿ. ನಾಕರಾಗೂ."

ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದಂತೆ, ಬಿಟ್ಟಿಯಾಗಿ, ಬೇಕಾದಷ್ಟು. ಲೋಕಲ್ ಗಾಡಿಯಲ್ಲಿ, ಆಸ್ಪತ್ರೆಯಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಕಲಿತೆಯಂತೆ. ಮನೆಯಲ್ಲಿ ಮಾತ್ರ ಒಂದು ದಿನವೂ ತೆರೆಯಲಿಲ್ಲವಂತೆ. ಯಾಕೆ ಎಂದು ನಾನು ಕೇಳಲಿಲ್ಲ, ನೀನೇ ಹೇಳಿದೆ.

"ಅವರಿಗಿ ಹೇಳಬ್ಯಾಡ್ರೀ. ಮತ್ತ ಏನರ ಮಾಡಿದ್ರ? ಕೂಸಿನ್ನ ಕರಕೊಂಡು ಹೋಗ್ತೀನಿ. ಅವರು ಇಲ್ಲೇ ಇರ್ಲಿ. ನಾ ಕರಸೂದಿಲ್ಲ. ನಿಮಗಷ್ಟ ಹೇಳೀನಿ, ಅತ್ತಿ. ನೀವು ನನ್ನ ಕಡಿ ಅದೀರಿ."

ನಾನು ತಲೆಯಾಡಿಸಿದೆ. ಆಗಲೂ ಬಾಯಿ ಬಿಡಲಿಲ್ಲ.

ನಿನ್ನೆ ಮಲ್ಲಪ್ಪನಿಗೆ ಹೇಳಿದೆ — ನೀನು ಪಾಸಾದದ್ದು, ಹೋಗುವುದು, ನಾನು ಇದನ್ನು ನಿನಗೆ ತಿಳಿಸುವುದು, ಎಲ್ಲವನ್ನೂ. ನಿನ್ನ ಗುಟ್ಟನ್ನೂ ಒಡೆದೆ, ಅದಕ್ಕೂ ನನ್ನನ್ನೇ ಬೈಯಿ. ಅವನಿಗೆ ಪಾಸಾದದ್ದು ಮಾತ್ರ ಕೇಳಿಸಿತು. "ನಾಕರಾಗೂ?" ಎಂದು ಎರಡು ಸಲ ಕೇಳಿದ. 

"ಹೇಳಬ್ಯಾಡವ್ವಾ" ಎಂದ. "ಹೋಗಾಕಿ ಹೋಗ್ತಾಳ, ಖುಷೀಲೆ ಹೋಗ್ಲಿ. ಮುದುಕಿ ಮ್ಯಾಲೆ ಸಿಟ್ಟು ಹೊತ್ಕೊಂಡು ಯಾಕ ಹೋಗ್ಬೇಕು?"

ಅವನ ಮಾತು ನಡೆಸಿದರೆ ನನಗೇ ಅನುಕೂಲ. ಇಷ್ಟು ವರ್ಷ ನಡೆದದ್ದೂ ಅದೇ. ಆದ್ದರಿಂದ ಬರೆಯುತ್ತಿದ್ದೇನೆ.

ನೀನು ಹೋಗು. ನಿಲ್ಲು ಎಂದು ಹೇಳುವ ಬಾಯಿ ನನಗಿಲ್ಲ. ಮಗುವನ್ನು ಕರೆದುಕೊಂಡು ಹೋಗುವುದೋ, ಅವನನ್ನೂ ಕರೆಸಿಕೊಳ್ಳುವುದೋ, ಅದು ನಿನ್ನ ಸಂಸಾರ. ಇಷ್ಟು ವರ್ಷದ ಮೇಲೆ ಅವನೊಡನೆ ಏನು ಉಳಿದಿದೆಯೋ ಇಲ್ಲವೋ, ಅದನ್ನು ನಾನು ಹೇಳಲಾರೆ. ಆದರೆ ಅವನು ಮಾಡದ್ದನ್ನು ಅವನ ಮೇಲೆ ಹೊರಿಸಿ ಹೋಗಬೇಡ. ಹೊರಿಸಿದವಳು ನಾನು, ಇಳಿಸಬೇಕಾದವಳೂ ನಾನು, ಇಳಿಸಿದ್ದೇನೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಇಂಡಿ ಕಡೆಯ ಮಗಳಿಗೆ ಬರುತ್ತೇನೆಂದು ಹೇಳಿಕಳಿಸಿದ್ದೇನೆ. ನೀನು ಬೇಡ ಎನ್ನುವತನಕ ಇಲ್ಲಿರುತ್ತೇನೆ, ಬೇಡ ಎಂದ ದಿನ ಹೊರಡುತ್ತೇನೆ. ಇವತ್ತು ಮಲ್ಲಪ್ಪನಿಗೆ ಮೊದಲ ಪಾಳಿ, ಸಂಜೆಯೊಳಗೆ ಬರುತ್ತಾನೆ. ನಾನು ಮಗುವನ್ನು ಕರೆದುಕೊಂಡು ಹೌಸಾಬಾಯಿಯ ಖೋಲಿಯಲ್ಲಿ ಕೂತಿರುತ್ತೇನೆ. ಅವನು ಬಾಗಿಲು ಬಡಿದಾಗ ನೀನೇ ಹೋಗಿ ತೆಗಿ.