ಗಾರೆ ಚಲುವರಾಜು ಕಟ್ಟಿದ ಮರದ ಗೋಪುರ

ಸಿಂಧಘಟ್ಟದ ಗಾರೆ ಕೆಲಸದ ಚಲುವರಾಜು ಸೊಟ್ಟಗಿರುವುದನ್ನು ಕಂಡರೆ ಸಹಿಸುವವನಲ್ಲ. ನೆಂಟರ ಮನೆಗೆ ಹೋದರೂ ಕಾಫಿಗಿಂತ ಮೊದಲು ಗೋಡೆಗೆ ಕಣ್ಣು ಹಾಯಿಸಿ, "ಯಾರ್ಲಾ ಇದ್ನ ಕಟ್ದೋನು?" ಎಂದು ಕೇಳಿ, ಹೆಂಡತಿ ಪುಟ್ಟಲಕ್ಷ್ಮಮ್ಮನಿಂದ ತಿವಿಸಿಕೊಳ್ಳುವ ಆಸಾಮಿ. ಅಂಥವನಿಗೆ ಬೀಳುವುದಕ್ಕೆಂದೇ ಒಂದು ಗೋಪುರ ಕಟ್ಟುವ ಕೆಲಸ ಬಂದದ್ದು ಮಗಳು ಮೇಘನಳ ದೆಸೆಯಿಂದ.

ಮೇಘನಳನ್ನು ಹೊಣಕೆರೆಗೆ ಕೊಟ್ಟಿದ್ದರು. ಅಳಿಯ ಒಳ್ಳೆಯವನೇ. ಅಳಿಯನ ತಂದೆ ನಿಂಗರಾಜು ಮಾತ್ರ, ಮದುವೆಯ ದಿನ ಮೊದಲ ಪಂಕ್ತಿಯಲ್ಲಿ ಎಲೆ ಸಿಗಲಿಲ್ಲವೆಂದು ಊದಿಸಿಕೊಂಡ ಮುಖವನ್ನು ಇನ್ನೂ ಇಳಿಸಿರಲಿಲ್ಲ. ಫೋನಿನಲ್ಲಿ ಹೂಂ, ಉಹೂಂ ಬಿಟ್ಟರೆ ಬೇರೆ ಮಾತಿಲ್ಲ. ಮಗಳು ಬಾಳುವ ಮನೆಯ ಯಜಮಾನ ಹೀಗೆ ಬಿಗಿದುಕೊಂಡಿದ್ದರೆ ಹೆತ್ತವನಿಗೆ ತುತ್ತು ಇಳಿಯುತ್ತದೆಯೇ? ಈಗ ಬೀಗರೂಟ ಹತ್ತಿರ ಬಂದಿತ್ತು. ಅವತ್ತೂ ಆ ಮನುಷ್ಯ ನಗದೆ ಎದ್ದುಹೋದರೆ ಗತಿಯೇನು ಎಂಬುದೇ ಚಲುವರಾಜುವಿನ ಚಿಂತೆ.

ಮೇಘನಳೇ ಫೋನಿನಲ್ಲಿ ದಾರಿ ಹೇಳಿದಳು. "ಅಪ್ಪ, ಮರದ ತುಂಡು ಜೋಡ್ಸಿ ಎದೆಮಟ್ಟ ಗೋಪುರ ಮಾಡ್ಬುಡು. ಒಬ್ಬೊಬ್ರಾಗಿ ಒಂದೊಂದೇ ತುಂಡು ಎಳೀಬೇಕು. ಯಾರ ಕೈಲಿ ಬೀಳ್ತದೋ ಅವ್ರು ಸೋತಂಗೆ. ಎಲ್ಡೂ ಕಡೆ ನೆಂಟ್ರು ಸೇರ್ಕೊಂಡು ಆಡ್ತಾರೆ."

"ಬೀಳ್ಲಿ ಅಂತ ಯಾರಾರಾ ಕಟ್ತಾರೇನವ್ವ?"

"ನೀನು ಸುಮ್ನೆ ಕಟ್ಟಪ್ಪ."

ಅಂಗಡಿಯ ಮರಕ್ಕೆ ಅವನು ಕೈ ಹಾಕಲಿಲ್ಲ. ಹಿತ್ತಲಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಬಾರದೆ ಬಿದ್ದಿದ್ದ ಹಳೆಯ ಮರದ ರೀಪು ಪಟ್ಟಿಗಳ ಮೊಳೆ ಕಿತ್ತು, ಸಿಮೆಂಟು ಕೆರೆದು, ಒಂದೇ ಅಳತೆಗೆ ಕೊಯ್ದು ಉಜ್ಜಿದ. ಸಾಲಿಗೆ ಮೂರರಂತೆ, ಒಂದು ಸಾಲು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ. ಬೀಗರೂಟದ ಹಿಂದಿನ ಸಂಜೆ ಅಂಗಳದಲ್ಲಿ ಜೋಡಿಸಿ, ತೂಕದ ಗುಂಡು ಇಳಿಬಿಟ್ಟು ನೋಡಿದ. ಕೂದಲೆಳೆಯಷ್ಟೂ ವಾಲಿರಲಿಲ್ಲ.

ಬೆಳಿಗ್ಗೆ ತಲೆಯಲ್ಲಿ ಮಟನ್ನಿನದೇ ಯೋಚನೆ, ಕೈಯಲ್ಲಿ ನೀರಿನ ಪೈಪು. ಇವತ್ತು ಕಟ್ಟಿದ ಗೋಡೆಗೆ ನಾಳೆ ನೀರು ಹಿಡಿದು ಹಿಡಿದು ಪಳಗಿದ ಕೈ ಸುಮ್ಮನಿರುತ್ತದೆಯೇ? ಗೋಪುರವನ್ನು ನೆತ್ತಿಯಿಂದ ಬುಡದವರೆಗೆ ತೋಯಿಸಿಬಿಟ್ಟ.

"ಅಯ್ಯೋ ನಿಮ್ಮ! ಮರಕ್ಕೂ ಕ್ಯೂರಿಂಗಾ?" ಎಂದು ಪುಟ್ಟಲಕ್ಷ್ಮಮ್ಮ ಕೂಗುವಷ್ಟರಲ್ಲಿ ಬೀಗರ ಟೆಂಪೋ ಬಂದು ನಿಂತಿತು.

ನಿಂಗರಾಜು ಅವರನ್ನು ಮೊದಲ ಪಂಕ್ತಿಯ ಮೊದಲ ಎಲೆಗೇ ಕೂರಿಸಿದರು. ಮುದ್ದೆ, ಬೋಟಿ ಗೊಜ್ಜು, ಚಾಪ್ಸು ಎಲ್ಲ ಒಳಗಿಳಿದವು, ಮುಖ ಮಾತ್ರ ಸಡಿಲವಾಗಲಿಲ್ಲ. ಕೈ ತೊಳೆದು ಬಂದವರನ್ನು ಮೇಘನ ಗೋಪುರದ ಮುಂದೆ ನಿಲ್ಲಿಸಿದಳು. ಅವರು ಎರಡು ಬೆರಳಲ್ಲಿ ಒಂದು ತುಂಡು ಹಿಡಿದೆಳೆದರು. ಮಿಸುಕಲಿಲ್ಲ. ಇನ್ನೊಂದನ್ನು ಎಳೆದರು. ನೀರು ಕುಡಿದ ಮರ ಉಬ್ಬಿ, ಒಂದಕ್ಕೊಂದು ಕಚ್ಚಿಕೊಂಡು ಕುಳಿತಿತ್ತು.

"ಇದೇನ್ ಬೀಗ್ರೆ, ಅಂಟಾಕ್ಬುಟ್ಟಿದ್ದೀರಾ?"

ಚಲುವರಾಜುವಿಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. "ಗೋಡೆ ಅನ್ಕೊಂಡು ನೀರು ಹಿಡ್ದ್ಬುಟ್ಟೆ ಕಣ್ರೀ," ಎಂದ. ನೆಂಟರೆಲ್ಲ ಗೊಳ್ಳೆಂದರು. ನಿಂಗರಾಜು ಮಾತ್ರ ನಗಲಿಲ್ಲ. ಪಂಚೆ ಎತ್ತಿ ಕಟ್ಟಿ, "ನೀವು ಆ ಕಡೆಯಿಂದ ತಳ್ಳಿ, ನಾನು ಈ ಕಡೆಯಿಂದ ಎಳೀತೀನಿ. ಅದೆಂಗೆ ಬರಾಕಿಲ್ಲ, ನೋಡೇಬುಡುವ," ಎಂದರು.

ಒಬ್ಬ ತಳ್ಳಿದ, ಒಬ್ಬ ಎಳೆದ. ತುಂಡು ಸರಕ್ಕನೆ ಕಿತ್ತು ಬಂತು. ನಿಂಗರಾಜು ಅಂಗಾತ ಬಿದ್ದರು, ಗೋಪುರ ಅವರ ಕಾಲ ಬಳಿ ದಡದಡನೆ ಕುಸಿಯಿತು. ಮೇಘನ ಬಾಯಿಗೆ ಸೆರಗು ಒತ್ತಿಕೊಂಡಳು. ಕೆಟ್ಟೆ ಎಂದುಕೊಂಡ ಚಲುವರಾಜು.

ಅಷ್ಟರಲ್ಲಿ ನೆಲದ ಮೇಲಿಂದ ನಗು ಕೇಳಿಸಿತು. ಹೊಟ್ಟೆ ಕುಣಿಸಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ ನಿಂಗರಾಜು ಕೈ ಮೇಲೆತ್ತಿದರು.

"ಎತ್ಲಾ ಚಲುವ ನನ್ನ! ನಿನ್ನ ಮುದ್ದೆ ಏಳಾಕ್ ಬುಡ್ತಿಲ್ಲ!"

ಬೀಗರೇ ಎಂದಲ್ಲ, ರೀ ಎಂದಲ್ಲ, ಚಿಕ್ಕಂದಿನ ಗೆಳೆಯನನ್ನು ಕರೆದ ಹಾಗೆ. ಚಲುವರಾಜು ಎರಡೂ ಕೈ ಚಾಚಿದ. ಕಣ್ಣು ಮಂಜಾಗಿ, ಬೀಗರ ಕೈ ಎಲ್ಲಿದೆಯೆಂಬುದು ಅವನಿಗೆ ತಕ್ಷಣ ಕಾಣಲಿಲ್ಲ.